ಮೊತ್ತ ಬರಬೇಕಾದ ಸೆಲ್‌ನಲ್ಲಿ ಫಾರ್ಮುಲಾ ಹಾಗೇ ನಿಂತರೆ

ದಾವಣಗೆರೆ ಎಪಿಎಂಸಿಯ ಒಂದು ದಲ್ಲಾಲಿ ಅಂಗಡಿಯ ಎಕ್ಸೆಲ್ ಲೆಕ್ಕದ ಹಾಳೆ ಎಂದುಕೊಳ್ಳಿ. ಮೆಕ್ಕೆಜೋಳದ ನಾಲ್ಕು ಲಾಟ್ ಬಂದಿವೆ. ಎ ಕಾಲಂನಲ್ಲಿ ರೈತರ ಹೆಸರು, ಬಿ ಕಾಲಂನಲ್ಲಿ ತೂಕ, ಸಿ ಕಾಲಂನಲ್ಲಿ ದರ, ಡಿ ಕಾಲಂನಲ್ಲಿ ಮೊತ್ತ. ಮೊದಲ ಸಾಲು ತಲೆಬರಹ, ಎರಡರಿಂದ ಐದನೇ ಸಾಲಿನವರೆಗೆ ಲಾಟ್‌ಗಳು. ದರಕ್ಕೆ 2025-26ರ ಮುಂಗಾರಿನ ಬೆಂಬಲ ಬೆಲೆಯನ್ನೇ, ಅಂದರೆ ಕ್ವಿಂಟಲ್‌ಗೆ 2,400 ರೂಪಾಯಿ, ಹಿಡಿಯೋಣ. ತೂಕ ಕ್ರಮವಾಗಿ 48.50, 62.75, 35.20 ಮತ್ತು 51.00 ಕ್ವಿಂಟಲ್. ಮೂರನೇ ಲಾಟಿನ ಎದುರು 84,480 ರೂಪಾಯಿ ಬರಬೇಕು. ಆ ಸೆಲ್ಲಿನಲ್ಲಿ, ಅಂದರೆ ಆ ಚೌಕದಲ್ಲಿ, ಉತ್ತರದ ಬದಲು =ಬಿ4*ಸಿ4 (ನಾಲ್ಕನೇ ಸಾಲಿನ ತೂಕ ಗುಣಿಸು ದರ) ಎಂಬ ಫಾರ್ಮುಲಾವೇ ನಿಂತಿದೆ. ಎಂಟರ್ ಒತ್ತಿದರೂ ಅಷ್ಟೇ, ಫೈಲ್ ಮುಚ್ಚಿ ಮತ್ತೆ ತೆರೆದರೂ ಅಷ್ಟೇ.

ಕಣ್ಣಿಗೆ ಬಿದ್ದ ಈ ತೊಂದರೆಗಿಂತ ಕೆಳಗಿನ ಒಟ್ಟು ಸಾಲಿನಲ್ಲಿ ಆದದ್ದು ದೊಡ್ಡದು. 4,73,880 ಬರಬೇಕಾದ ಕಡೆ 3,89,400 ಬಂದಿದೆ. ಸಮ್ ಫಾರ್ಮುಲಾ ಆ ಸೆಲ್ಲನ್ನು ಬಿಟ್ಟು ಉಳಿದ ಮೂರನ್ನು ಕೂಡಿ ಕೊಟ್ಟಿದೆ. ಕೆಂಪು ಗುರುತಿಲ್ಲ, ತಪ್ಪಿನ ಸಂದೇಶವಿಲ್ಲ. ನಾಲ್ಕೇ ಸಾಲಿದ್ದರೆ ಗೊತ್ತಾಗುತ್ತದೆ. ಸುಗ್ಗಿಯಲ್ಲಿ ದಿನಕ್ಕೆ ಇನ್ನೂರು ಸಾಲಾದಾಗ ಗೊತ್ತಾಗುವುದಿಲ್ಲ, ಒಬ್ಬ ರೈತನ ಪೂರ್ತಿ ಲಾಟು ಲೆಕ್ಕದಿಂದಲೇ ಬಿದ್ದುಹೋಗಿರುತ್ತದೆ. ಆದ್ದರಿಂದ ಇದನ್ನು ಬರೀ ಕಂಪ್ಯೂಟರಿನ ಕಿರಿಕಿರಿ ಎಂದು ಬಿಡಬಾರದು.

ಮುಂದೆ ಹೋಗುವ ಮೊದಲು ಒಂದು ಮಾತು. ಇಲ್ಲಿ ಫಾರ್ಮುಲಾಗಳನ್ನು ಓದುವ ಹಾಗೆ ಕನ್ನಡದಲ್ಲಿ ಬರೆದಿದೆ. ಸೆಲ್‌ನಲ್ಲಿ ಹಾಕುವಾಗ ಕಾಲಂ ಹೆಸರನ್ನೂ ಸಮ್, ಕೌಂಟ್ ಮುಂತಾದ ಪದಗಳನ್ನೂ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.

ಎಂಟರ್ ಒತ್ತಿದ ಕ್ಷಣದಲ್ಲಿ ಆಗುವುದೇನು

ಈ ಸಮಸ್ಯೆಗೆ ಹತ್ತಾರು ಉಪಾಯಗಳನ್ನು ಜನ ಹೇಳುತ್ತಾರೆ. ಒಂದು ಸಂಗತಿ ಮನಸ್ಸಿಗೆ ಬಂದರೆ ಆ ಉಪಾಯಗಳನ್ನು ಬಾಯಿಪಾಠ ಮಾಡಬೇಕಿಲ್ಲ. ನೀವು ಎಂಟರ್ ಒತ್ತಿದ ಕ್ಷಣದಲ್ಲೇ ಎಕ್ಸೆಲ್ ಒಂದು ತೀರ್ಮಾನ ಮಾಡುತ್ತದೆ: ಇದು ಸಂಖ್ಯೆಯೋ, ದಿನಾಂಕವೋ, ಫಾರ್ಮುಲಾವೋ, ಬರೀ ಅಕ್ಷರವೋ. ಫಾರ್ಮುಲಾ ಹೌದೋ ಅಲ್ಲವೋ ಎಂಬ ತೀರ್ಮಾನಕ್ಕೆ ಅದು ಮುಖ್ಯವಾಗಿ ನೋಡುವುದು ಎರಡನ್ನು. ಸೆಲ್‌ನ ಫಾರ್ಮ್ಯಾಟ್ (ಒಳಗಿನದನ್ನು ಯಾವ ಬಗೆಯೆಂದು ಹಿಡಿಯಬೇಕು ಎಂಬ ಗುರುತು) ಆಗ ಏನಿತ್ತು, ಮತ್ತು ಟೈಪ್ ಮಾಡಿದ್ದರ ಮೊದಲ ಅಕ್ಷರ ಯಾವುದು. ಫಾರ್ಮ್ಯಾಟ್ ಟೆಕ್ಸ್ಟ್ ಆಗಿದ್ದರೆ ಏನೇ ಟೈಪ್ ಮಾಡಿದರೂ ಅಕ್ಷರವೇ. ಜನರಲ್, ಅಂದರೆ ಯಾವುದೇ ಬಗೆಗೆ ಕಟ್ಟುಬೀಳದ ಫಾರ್ಮ್ಯಾಟ್, ಆಗಿದ್ದು ಮೊದಲ ಅಕ್ಷರ = ಆಗಿದ್ದರೆ ಫಾರ್ಮುಲಾ.

ಒಮ್ಮೆ ಆದ ಈ ತೀರ್ಮಾನವನ್ನು ಎಕ್ಸೆಲ್ ತಾನಾಗಿ ಮತ್ತೆ ಪರಿಶೀಲಿಸುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಫಾರ್ಮ್ಯಾಟ್ ಟೆಕ್ಸ್ಟ್ ಇದೆ ಎಂದು ಸರಿಯಾಗಿಯೇ ಗುರುತಿಸಿ ಅದನ್ನು ಜನರಲ್‌ಗೆ ಬದಲಿಸುತ್ತಾರೆ, ಸೆಲ್ ಮಾತ್ರ ಇದ್ದ ಹಾಗೇ ಇರುತ್ತದೆ, ‘ಇದೂ ಕೆಲಸ ಮಾಡಲಿಲ್ಲ’ ಎಂದು ಕೈಬಿಡುತ್ತಾರೆ. ಕೆಲಸ ಅರ್ಧ ಆಗಿತ್ತು ಅಷ್ಟೇ. ಒಳಗಿರುವುದನ್ನು ಇನ್ನೊಮ್ಮೆ ನಮೂದಿಸಿ ಹೊಸ ತೀರ್ಮಾನ ಮಾಡಿಸುವುದು ಬಾಕಿ ಇತ್ತು. ಈ ಲೇಖನದ ಬಹುಪಾಲು ಪರಿಹಾರಗಳು ಈ ಮರುನಮೂದನ್ನು ಮಾಡಿಸುವ ಬೇರೆ ಬೇರೆ ದಾರಿಗಳು.

ಒಂದು ಸೆಲ್ಲೋ, ಇಡೀ ಹಾಳೆಯೋ?

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಹಾಳೆಯ ಎಲ್ಲ ಫಾರ್ಮುಲಾಗಳೂ ಒಟ್ಟಿಗೇ ಅಕ್ಷರವಾಗಿ ಕಂಡರೆ, ಕಾಲಂಗಳು ಇದ್ದಕ್ಕಿದ್ದಂತೆ ಅಗಲವಾಗಿದ್ದರೆ, 1-11-2025 ಎಂಬ ದಿನಾಂಕದ ಜಾಗದಲ್ಲಿ 45962 ಎಂದು ಕಂಡರೆ, ಯಾವುದೂ ಕೆಟ್ಟಿಲ್ಲ. ‘ಶೋ ಫಾರ್ಮುಲಾಸ್’ ಎಂಬ ನೋಟ ಆನ್ ಆಗಿದೆ. ಕೀಲಿಮಣೆಯಲ್ಲಿ ಎಸ್ಕೇಪ್ ಕೀಲಿಯ ಕೆಳಗೆ ` ಚಿಹ್ನೆಯ ಕೀಲಿ ಇದೆಯಲ್ಲ, ಕಂಟ್ರೋಲ್ ಹಿಡಿದು ಅದನ್ನು ಒತ್ತಿದರೆ ಈ ನೋಟ ಬರುತ್ತದೆ, ಮತ್ತೆ ಒತ್ತಿದರೆ ಹೋಗುತ್ತದೆ. ಕೈ ತಪ್ಪಿ ಒತ್ತಿದಾಗ ಆಗುವ ಗಾಬರಿ ಇದು. ಫೈಲ್ ಉಳಿಸಿದರೆ ನೋಟವೂ ಜೊತೆಗೆ ಉಳಿಯುವುದರಿಂದ, ಬೇರೆಯವರು ಕಳಿಸಿದ ಫೈಲ್ ತೆರೆದ ಕೂಡಲೇ ಹೀಗೆ ಕಾಣುವುದೂ ಉಂಟು. ಕನ್ನಡ ಟೈಪಿಂಗ್ ಆನ್ ಇದ್ದಾಗ ಆ ಕೀಲಿ ಬೇರೆ ಅಕ್ಷರ ಕೊಡಬಹುದು. ಆಗ ಫಾರ್ಮುಲಾಸ್ ಟ್ಯಾಬ್‌ಗೆ ಹೋಗಿ ‘ಶೋ ಫಾರ್ಮುಲಾಸ್’ ಗುಂಡಿಯನ್ನು ಆಫ್ ಮಾಡಿ. ಈ ನೋಟದಲ್ಲಿ ಲೆಕ್ಕಗಳೆಲ್ಲ ಒಳಗೆ ಸರಿಯಾಗಿಯೇ ಇರುತ್ತವೆ.

ಒಂದೇ ಸೆಲ್, ಅಥವಾ ಒಂದು ಕಾಲಂ ಮಾತ್ರ ಹೀಗಿದ್ದರೆ ಕಥೆ ಬೇರೆ. ಆ ಸೆಲ್ ಮೇಲೆ ನಿಂತು ಎರಡು ಕಡೆ ಕಣ್ಣು ಹಾಯಿಸಿ: ಹೋಮ್ ಟ್ಯಾಬ್‌ನ ನಂಬರ್ ಪಟ್ಟಿಯಲ್ಲಿ ‘ಟೆಕ್ಸ್ಟ್’ ಎಂದಿದೆಯೇ, ಮತ್ತು ಮೇಲಿನ ಫಾರ್ಮುಲಾ ಬಾರ್‌ನಲ್ಲಿ = ಚಿಹ್ನೆಗೆ ಮುಂಚೆ ಏನಾದರೂ ಇದೆಯೇ.

ಟೆಕ್ಸ್ಟ್ ಫಾರ್ಮ್ಯಾಟ್ ಬಂದದ್ದು ಎಲ್ಲಿಂದ

ನಮ್ಮ ಕಡೆಯ ಹಾಳೆಗಳಲ್ಲಿ ಟೆಕ್ಸ್ಟ್ ಫಾರ್ಮ್ಯಾಟ್ ಸುಮ್ಮನೆ ಬಂದು ಕೂರುವುದಿಲ್ಲ. ಪಹಣಿಯ ಸರ್ವೆ ನಂಬರ್ 12/3 ಎಂದು ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ದಿನಾಂಕ ಮಾಡಿಬಿಡುತ್ತದೆ. ಸೊನ್ನೆಯಿಂದ ಶುರುವಾಗುವ ಬ್ಯಾಂಕ್ ಖಾತೆ ಸಂಖ್ಯೆಯ ಮುಂದಿನ ಸೊನ್ನೆ ಹಾರಿಹೋಗುತ್ತದೆ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ ಹಿಡಿದಿಟ್ಟುಕೊಳ್ಳುವುದು 15 ಅಂಕಿಗಳನ್ನು ಮಾತ್ರ. ಖಾತೆ ಸಂಖ್ಯೆ ಅದಕ್ಕಿಂತ ಉದ್ದವಿದ್ದರೆ ಕೊನೆಯ ಅಂಕಿಗಳು ಸೊನ್ನೆಯಾಗುತ್ತವೆ. ಇದರ ಪೆಟ್ಟು ತಿಂದವರು ಇಡೀ ಹಾಳೆಯನ್ನು ಆಯ್ದು ‘ಟೆಕ್ಸ್ಟ್’ ಮಾಡಿ, ಆಮೇಲೆ ರೈತರ ಪಟ್ಟಿ ತುಂಬಲು ಕೂರುತ್ತಾರೆ. ಸರ್ವೆ ನಂಬರ್ ಉಳಿಯಿತು, ಖಾತೆ ಸಂಖ್ಯೆ ಉಳಿಯಿತು, ಕ್ವಿಂಟಲ್ ಮತ್ತು ಮೊತ್ತದ ಕಾಲಂಗಳು ಮಾತ್ರ ಲೆಕ್ಕದ ಶಕ್ತಿ ಕಳೆದುಕೊಂಡವು. ಉದ್ದೇಶ ಸರಿಯಾಗಿಯೇ ಇತ್ತು, ಅಗಲ ಹೆಚ್ಚಾಯಿತು. ಸರ್ವೆ ನಂಬರ್, ಖಾತೆ, ಆಧಾರ್, ಮೊಬೈಲ್, ಈ ನಾಲ್ಕು ಕಾಲಂ ಮಾತ್ರ ಟೆಕ್ಸ್ಟ್ ಇರಲಿ. ಇವುಗಳನ್ನು ಕೂಡುವುದೂ ಇಲ್ಲ, ಗುಣಿಸುವುದೂ ಇಲ್ಲ.

ಎರಡನೆಯ ಮೂಲ ಡೌನ್‌ಲೋಡ್ ಮಾಡಿದ ಫೈಲ್‌ಗಳು. ಲೆಕ್ಕದ ಸಾಫ್ಟ್‌ವೇರ್‌ಗಳಿಂದ, ಪೋರ್ಟಲ್‌ಗಳಿಂದ ಇಳಿಸಿಕೊಂಡ ವರದಿಗಳಲ್ಲಿ ಎಷ್ಟೋ ಸಲ ಎಲ್ಲ ಕಾಲಂಗಳೂ ಟೆಕ್ಸ್ಟ್ ಆಗಿರುತ್ತವೆ. ಅದರ ಪಕ್ಕದಲ್ಲಿ ನೀವು ಫಾರ್ಮುಲಾ ಹಾಕಿದರೆ ತೊಂದರೆ ಅಂಟುತ್ತದೆ.

ಅಂಟುತ್ತದೆ ಎನ್ನುವುದು ಅಲಂಕಾರದ ಮಾತಲ್ಲ. ಜನರಲ್ ಫಾರ್ಮ್ಯಾಟಿನ ಸೆಲ್‌ನಲ್ಲಿ ಫಾರ್ಮುಲಾ ಬರೆದಾಗ, ಅದು ಸೂಚಿಸುವ ಸೆಲ್‌ನ ಫಾರ್ಮ್ಯಾಟ್ ಟೆಕ್ಸ್ಟ್ ಆಗಿದ್ದರೆ ಎಕ್ಸೆಲ್ ಅದನ್ನು ಫಾರ್ಮುಲಾ ಸೆಲ್ಲಿಗೂ ತಂದುಬಿಡಬಹುದು. ಮೊದಲ ಸಲ ಉತ್ತರ ಸರಿಯಾಗಿಯೇ ಬರುತ್ತದೆ, ಏಕೆಂದರೆ ತೀರ್ಮಾನದ ಹೊತ್ತಿಗೆ ಸೆಲ್ ಜನರಲ್ ಆಗಿತ್ತು. ನಾಳೆ ಫಾರ್ಮುಲಾ ತಿದ್ದಲು ಆ ಸೆಲ್ ಒಳಗೆ ಹೋಗಿ ಎಂಟರ್ ಒತ್ತಿದಿರಿ, ಆಗ ಫಾರ್ಮ್ಯಾಟ್ ಟೆಕ್ಸ್ಟ್, ಫಾರ್ಮುಲಾ ಅಕ್ಷರವಾಯಿತು. ‘ನಿನ್ನೆ ಸರಿ ಇತ್ತು, ಇವತ್ತು ಕೆಟ್ಟಿತು’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ಇನ್ನೊಂದು ದಾರಿಯೂ ಇದೆ: ಮೇಲಿನ ಐದು ಸಾಲುಗಳಲ್ಲಿ ಕನಿಷ್ಠ ಮೂರಕ್ಕೆ ಒಂದೇ ಫಾರ್ಮ್ಯಾಟ್ ಇದ್ದರೆ ಪಟ್ಟಿಯ ಕೆಳಗೆ ಸೇರಿಸುವ ಹೊಸ ಸಾಲಿಗೂ ಎಕ್ಸೆಲ್ ಅದನ್ನೇ ಮುಂದುವರಿಸುತ್ತದೆ. ಮೂರು ಸಾಲಿನ ತಪ್ಪು ಮುನ್ನೂರು ಸಾಲಿಗೆ ಹರಡುವುದು ಹೀಗೆ.

ಸರಿಪಡಿಸುವ ಕೈಕೆಲಸ

ಒಂದೇ ಸೆಲ್ ಆದರೆ: ಅದನ್ನು ಆಯ್ದು ಹೋಮ್ ಟ್ಯಾಬ್‌ನಲ್ಲಿ ಟೆಕ್ಸ್ಟ್ ಬದಲು ಜನರಲ್ ಮಾಡಿ, ಎಫ್2 ಒತ್ತಿ, ಎಂಟರ್ ಒತ್ತಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್2 ಜೊತೆಗೆ ಎಫ್‌ಎನ್ ಕೀಲಿಯನ್ನೂ ಹಿಡಿಯಬೇಕು. ಇಲ್ಲವಾದರೆ ಸೆಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿ ಎಂಟರ್ ಒತ್ತಿದರೂ ಸಾಕು. ಕ್ರಮ ಮುಖ್ಯ. ಮೊದಲು ಫಾರ್ಮ್ಯಾಟ್, ಆಮೇಲೆ ಎಂಟರ್. ತಿರುಗಿಸಿ ಮಾಡಿದರೆ ಏನೂ ಆಗುವುದಿಲ್ಲ.

ಇನ್ನೂರು ಸಾಲಿಗೆ ಒಂದೊಂದಾಗಿ ಎಫ್2 ಒತ್ತುತ್ತಾ ಹೋಗುವವರಿದ್ದಾರೆ. ಬೇಕಿಲ್ಲ. ಡಿ ಕಾಲಂ ಮಾತ್ರ ಆಯ್ದುಕೊಂಡು ಮೊದಲು ಜನರಲ್ ಮಾಡಿ. ಡೇಟಾ ಟ್ಯಾಬ್‌ನಲ್ಲಿ ‘ಟೆಕ್ಸ್ಟ್ ಟು ಕಾಲಮ್ಸ್’ ತೆರೆದು ‘ಡಿಲಿಮಿಟೆಡ್’ ಆಯ್ದು ನೆಕ್ಸ್ಟ್ ಒತ್ತಿ. ಎರಡನೇ ಹಂತದಲ್ಲಿ ಟ್ಯಾಬ್, ಕಾಮಾ, ಸ್ಪೇಸ್ ಎಲ್ಲದರ ಗುರುತನ್ನೂ ತೆಗೆಯಿರಿ. ಮೂರನೇ ಹಂತದಲ್ಲಿ ಜನರಲ್ ಇರಲಿ, ಫಿನಿಶ್ ಒತ್ತಿ. ಎಕ್ಸೆಲ್ ಪ್ರತಿಯೊಂದು ಸೆಲ್ಲನ್ನೂ ಹೊಸದಾಗಿ ನಮೂದಿಸುತ್ತದೆ, ಫಾರ್ಮುಲಾಗಳಿಗೆ ಜೀವ ಬರುತ್ತದೆ.

ಎರಡನೇ ಹಂತವನ್ನು ಹಾರಿಸಿ ನೇರವಾಗಿ ಫಿನಿಶ್ ಒತ್ತಿ ಎಂದು ಹಲವರು ಹೇಳಿಕೊಡುತ್ತಾರೆ. ಅದು ಅಪಾಯ. ಎಕ್ಸೆಲ್ ತೆರೆದ ಮೇಲೆ, ಮುಚ್ಚುವ ಮೊದಲು, ಒಮ್ಮೆಯಾದರೂ ಕಾಮಾದಿಂದ ಕಾಲಂ ಒಡೆದಿದ್ದರೆ ಎಕ್ಸೆಲ್ ಅದನ್ನು ನೆನಪಿಟ್ಟುಕೊಂಡಿರುತ್ತದೆ. ಆಗ =ರೌಂಡ್(ಬಿ4*ಸಿ4,0) ಎಂಬ ಫಾರ್ಮುಲಾ ಕಾಮಾದ ಹತ್ತಿರ ಎರಡು ತುಂಡಾಗಿ, ಬಲಭಾಗ ಪಕ್ಕದ ಕಾಲಂಗೆ ನುಗ್ಗುತ್ತದೆ. ಪಕ್ಕದಲ್ಲಿ ಹಮಾಲಿಯ ಲೆಕ್ಕವಿದ್ದರೆ ಅದರ ಮೇಲೇ ಬರೆಯಲು ಹೊರಡುತ್ತದೆ. ‘ಇಲ್ಲಿ ಈಗಾಗಲೇ ಡೇಟಾ ಇದೆ, ಬದಲಿಸಲೇ’ ಎಂಬ ಪ್ರಶ್ನೆ ಬಂದರೆ ಕ್ಯಾನ್ಸಲ್ ಒತ್ತಿ ಎರಡನೇ ಹಂತಕ್ಕೆ ಮರಳಿ.

‘ಟೆಕ್ಸ್ಟ್ ಟು ಕಾಲಮ್ಸ್’ ಒಂದು ಸಲಕ್ಕೆ ಒಂದೇ ಕಾಲಂ ತೆಗೆದುಕೊಳ್ಳುತ್ತದೆ. ಹಲವು ಕಾಲಂಗಳಿದ್ದರೆ ಎಲ್ಲವನ್ನೂ ಆಯ್ದು ಜನರಲ್ ಮಾಡಿ, ಕಂಟ್ರೋಲ್ ಮತ್ತು ಎಚ್ ಒತ್ತಿ, ಹುಡುಕುವ ಜಾಗದಲ್ಲಿ = ಹಾಕಿ, ಬದಲಿಸುವ ಜಾಗದಲ್ಲೂ = ಹಾಕಿ, ‘ರಿಪ್ಲೇಸ್ ಆಲ್’ ಒತ್ತಿ. = ತೆಗೆದು ಅದೇ = ಇಡುವುದು ಅರ್ಥವಿಲ್ಲದ ಕೆಲಸದಂತೆ ಕಂಡರೂ ಈ ನೆಪದಲ್ಲಿ ಪ್ರತಿ ಸೆಲ್ಲೂ ಮರುನಮೂದಾಗುತ್ತದೆ. ಆಯ್ಕೆ ಮಾಡದೆ ಒತ್ತಿದರೆ ಇಡೀ ಹಾಳೆಯಲ್ಲಿ ನಡೆಯುತ್ತದೆ ಎನ್ನುವುದು ನೆನಪಿರಲಿ.

ಅಪಾಸ್ಟ್ರಫಿ, ಸ್ಪೇಸ್, ಉದ್ಧರಣ ಚಿಹ್ನೆ

ಫಾರ್ಮ್ಯಾಟ್ ಜನರಲ್ ಎಂದೇ ತೋರಿಸುತ್ತಿದೆ, ಆದರೂ ಫಾರ್ಮುಲಾ ಅಕ್ಷರವಾಗಿದೆ ಎಂದರೆ ಫಾರ್ಮುಲಾ ಬಾರ್ ನೋಡಿ. = ಚಿಹ್ನೆಯ ಮುಂದೆ ಸಣ್ಣದೊಂದು ' ಗುರುತು ಇರಬಹುದು. ಸೆಲ್‌ನಲ್ಲಿ ಅದು ಕಾಣದು, ಬಾರ್‌ನಲ್ಲಿ ಮಾತ್ರ ಕಾಣುತ್ತದೆ. ‘ಮುಂದಿರುವುದನ್ನು ಅಕ್ಷರವಾಗಿಯೇ ಇಡು’ ಎಂಬ ಆಜ್ಞೆ ಅದು.

ಯಾರೂ ಬೇಕೆಂದು ಹಾಕಿರುವುದಿಲ್ಲವಲ್ಲ, ಹೇಗೆ ಬಂತು? ಎಕ್ಸೆಲ್ಲೇ ಹಾಕಿಸುತ್ತದೆ. ಆವರಣ ಮುಚ್ಚುವುದು ತಪ್ಪಿಯೋ, ಕಾಮಾ ಇರಬೇಕಾದ ಕಡೆ ಸೆಮಿಕೋಲನ್ ಬಿದ್ದೋ ಫಾರ್ಮುಲಾ ತಪ್ಪಾದಾಗ ಒಂದು ಸಂದೇಶದ ಪೆಟ್ಟಿಗೆ ಬರುತ್ತದೆ. ನೀವು ಫಾರ್ಮುಲಾ ಬರೆಯುತ್ತಿಲ್ಲವಾದರೆ ಮೊದಲು ಅಪಾಸ್ಟ್ರಫಿ ಟೈಪ್ ಮಾಡಿ ಎಂಬ ಸಲಹೆಯೂ ಅದರಲ್ಲಿ ಇರುತ್ತದೆ. ಆ ಪೆಟ್ಟಿಗೆಯಿಂದ ಬಿಡಿಸಿಕೊಳ್ಳುವ ಅವಸರದಲ್ಲಿ ಜನ ಅದನ್ನೇ ಮಾಡುತ್ತಾರೆ. ಪೆಟ್ಟಿಗೆ ಹೋಗುತ್ತದೆ, ತಪ್ಪಾದ ಫಾರ್ಮುಲಾ ಅಕ್ಷರವಾಗಿ ಉಳಿಯುತ್ತದೆ. ಹಾಗಾಗಿ ಅಪಾಸ್ಟ್ರಫಿ ಕಂಡ ಸೆಲ್‌ನಲ್ಲಿ ಅದನ್ನು ಅಳಿಸಿದರೆ ಸಾಲದು, ಫಾರ್ಮುಲಾದಲ್ಲಿ ಮೂಲ ತಪ್ಪೇನಿತ್ತು ಎಂದೂ ಹುಡುಕಬೇಕು. ತೆರೆದ ಆವರಣಗಳನ್ನೂ ಮುಚ್ಚಿದ ಆವರಣಗಳನ್ನೂ ಎಣಿಸುವುದು ಒಳ್ಳೆಯ ಆರಂಭ.

ಅಳಿಸಲು ಎಫ್2, ಹೋಮ್ ಕೀಲಿ, ಡಿಲೀಟ್, ಎಂಟರ್. ಹುಡುಕಿ ಬದಲಿಸುವ ಪೆಟ್ಟಿಗೆಯಲ್ಲಿ ' ಹಾಕಿದರೆ ಸಿಗುವುದಿಲ್ಲ, ಏಕೆಂದರೆ ಅದು ಸೆಲ್‌ನ ಒಳಗಿನ ಅಕ್ಷರವಲ್ಲ, ಮುಂದೆ ಅಂಟಿಸಿದ ಗುರುತು. ಕಾಲಂ ತುಂಬ ಇದ್ದರೆ ಮೇಲೆ ಹೇಳಿದ ‘ಟೆಕ್ಸ್ಟ್ ಟು ಕಾಲಮ್ಸ್’ ದಾರಿಯೇ ಸರಿ.

ವಾಟ್ಸ್‌ಆ್ಯಪ್‌ನಲ್ಲಿ ಬಂದ ಫಾರ್ಮುಲಾವನ್ನು ಕಾಪಿ ಮಾಡಿ ಅಂಟಿಸಿದಾಗ ಬೇರೆ ಬಗೆಯ ಕಸ ಸೇರುತ್ತದೆ. = ಚಿಹ್ನೆಗೆ ಮುಂಚೆ ಕಾಣದ ಸ್ಪೇಸ್ ಇದ್ದರೆ ಮೊದಲ ಅಕ್ಷರ = ಆಗಿ ಉಳಿಯುವುದಿಲ್ಲ. ಇಡೀ ಫಾರ್ಮುಲಾ ಉದ್ಧರಣ ಚಿಹ್ನೆಯೊಳಗೆ ಬಂದಿದ್ದರೂ ಅಕ್ಷರವೇ. ಹೇಳಿಕೊಟ್ಟವರು = ಬಿಟ್ಟು ಸಮ್(ಡಿ2:ಡಿ5) ಎಂದಷ್ಟೇ ಕಳಿಸಿದ್ದರೂ ಅಕ್ಷರವೇ. ಬಾಗಿದ ಉದ್ಧರಣ ಚಿಹ್ನೆಗಳು ಫಾರ್ಮುಲಾದ ಒಳಗೆ ಸೇರಿದ್ದರೆ ಮಾತ್ರ ಲಕ್ಷಣ ಬೇರೆ: ಅಕ್ಷರವಾಗಿ ನಿಲ್ಲುವ ಬದಲು #ನೇಮ್? ಎಂಬ ದೋಷ ಬರುತ್ತದೆ. ಅವುಗಳನ್ನು ಅಳಿಸಿ ಕೀಲಿಮಣೆಯ ನೇರ ಚಿಹ್ನೆಗಳನ್ನೇ ಹಾಕಬೇಕು.

ನುಡಿ ಫಾಂಟ್ ಇರುವ ಹಾಳೆಯಲ್ಲಿ

ಸಂಘಗಳಲ್ಲಿ, ಕಚೇರಿಗಳಲ್ಲಿ ಹಳೆಯ ನುಡಿ ಫಾಂಟಿನ ಹಾಳೆಗಳು ಇನ್ನೂ ಓಡಾಡುತ್ತಿವೆ. ಯೂನಿಕೋಡ್‌ಗೆ ಮುಂಚಿನ ಈ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಇಟ್ಟುಕೊಂಡಿವೆ. ಅಂಥ ಸೆಲ್‌ನಲ್ಲಿ ಸಮ್ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದರೆ ಕಣ್ಣಿಗೆ ಅರ್ಥವಿಲ್ಲದ ಕನ್ನಡ ತುಣುಕುಗಳು ಕಾಣುತ್ತವೆ. ಫಾರ್ಮುಲಾ ಹಾಳಾಗಿದೆ ಎಂದು ಅಳಿಸಲು ಹೋಗಬೇಡಿ. ಫಾರ್ಮುಲಾ ಬಾರ್ ಸೆಲ್‌ನ ಫಾಂಟನ್ನು ಬಳಸುವುದಿಲ್ಲ, ಅಲ್ಲಿ ನಿಜ ರೂಪ ಕಾಣುತ್ತದೆ. ದೋಷದ ಸಂದೇಶಗಳೂ ಈ ಫಾಂಟಿನಲ್ಲಿ ಗುರುತೇ ಸಿಗದಂತೆ ವೇಷ ಬದಲಿಸಿಕೊಳ್ಳುತ್ತವೆ. ಎಣಿಕೆಯ ಕಾಲಂಗಳನ್ನು ಆಯ್ದು ಫಾಂಟನ್ನು ಕ್ಯಾಲಿಬ್ರಿಯೋ ಏರಿಯಲ್ಲೋ ಮಾಡಿ. ಹೆಸರು, ಊರಿನ ಕಾಲಂಗಳಲ್ಲಿ ನುಡಿ ಇರಲಿ.

ಕನ್ನಡ ಟೈಪಿಂಗ್ ಆನ್ ಇಟ್ಟುಕೊಂಡೇ ಫಾರ್ಮುಲಾ ಟೈಪ್ ಮಾಡಿದರೆ ಮಾತ್ರ ಒಳಗೇ ಬೇರೆ ಅಕ್ಷರಗಳು ಹೋಗಿರುತ್ತವೆ. ಆಗ ಮತ್ತೆ ಬರೆಯದೆ ವಿಧಿಯಿಲ್ಲ. ಅಂಕಿಗಳ ವಿಷಯದಲ್ಲೂ ಅಷ್ಟೇ ಎಚ್ಚರ: ಲೆಕ್ಕದ ಕಾಲಂನಲ್ಲಿ ೨೪೦೦ ಎಂದು ಬರೆಯದೆ 2400 ಎಂದೇ ಬರೆಯಿರಿ. ನಮ್ಮ ಅಂಕಿಗಳು ಮುದ್ರಿಸುವ ಪಟ್ಟಿಗೆ ಶೋಭೆ, ನಿಜ. ಲೆಕ್ಕ ಮುಗಿದ ಮೇಲೆ ಅಲ್ಲಿ ಬರಲಿ.

ಸಂಖ್ಯೆಯೇ ಅಕ್ಷರವಾದಾಗ

ಇದುವರೆಗಿನದು ಕಣ್ಣಿಗೆ ಕಾಣುವ ರೋಗ. ಫಾರ್ಮುಲಾ ಸರಿಯಾಗಿದ್ದು, ಅದು ಓದುವ ಸಂಖ್ಯೆ ಅಕ್ಷರವಾಗಿದ್ದರೆ ಕಾಣದ ರೋಗ. ಹಣ ಹೋಗುವುದು ಇದರಲ್ಲೇ ಹೆಚ್ಚು.

ಮೊದಲಿನ ಉದಾಹರಣೆಗೇ ಬರೋಣ. ಈ ಸಲ ಡಿ4ರ ಫಾರ್ಮುಲಾ ಚೆನ್ನಾಗಿದೆ, ಬಿ4ರಲ್ಲಿರುವ 35.20 ಅಕ್ಷರವಾಗಿದೆ. ಗುಣಾಕಾರ ಮತ್ತು + ಚಿಹ್ನೆಗಳು ಸಂಖ್ಯೆಯಂತೆ ಕಾಣುವ ಅಕ್ಷರವನ್ನು ತಾವೇ ಸಂಖ್ಯೆ ಮಾಡಿಕೊಳ್ಳುತ್ತವೆ. ಹಾಗಾಗಿ ಡಿ4ರಲ್ಲಿ 84,480 ಸರಿಯಾಗಿ ಬಂದಿದೆ, ಒಟ್ಟು ಮೊತ್ತ 4,73,880 ಕೂಡ ಸರಿ. ಆದರೆ =ಸಮ್(ಬಿ2:ಬಿ5) ಅಕ್ಷರಗಳನ್ನು ಬಿಟ್ಟುಬಿಡುತ್ತದೆ. ಒಟ್ಟು ತೂಕ 197.45 ಕ್ವಿಂಟಲ್ ಬರಬೇಕಾದ ಕಡೆ 162.25 ಬರುತ್ತದೆ. ಪ್ರತಿ ಸಾಲನ್ನೂ ಪರೀಕ್ಷಿಸಿದರೂ ತಪ್ಪು ಸಿಗುವುದಿಲ್ಲ, ಏಕೆಂದರೆ ಸಾಲುಗಳಲ್ಲಿ ತಪ್ಪೇ ಇಲ್ಲ. ಮೊತ್ತವನ್ನು ತೂಕದಿಂದ ಭಾಗಿಸಿ ಸರಾಸರಿ ದರ ನೋಡಿದರೆ ಮಾತ್ರ 2,400ರ ಬದಲು 2,920.68 ಬಂದು ಗುಟ್ಟು ಹೊರಬೀಳುತ್ತದೆ.

ಅಕ್ಷರವಾದ ಸಂಖ್ಯೆ ಸೆಲ್‌ನ ಎಡಕ್ಕೆ ಅಂಟಿಕೊಳ್ಳುತ್ತದೆ, ನಿಜವಾದ ಸಂಖ್ಯೆ ಬಲಕ್ಕೆ. ಎಲ್ಲವನ್ನೂ ಮಧ್ಯಕ್ಕೆ ತಂದು ಅಂದಗೊಳಿಸಿದ ಹಾಳೆಯಲ್ಲಿ ಈ ಸುಳಿವು ಅಳಿಸಿಹೋಗುತ್ತದೆ. ತೂಕ ಮತ್ತು ಹಣದ ಕಾಲಂಗಳನ್ನು ಮಧ್ಯಕ್ಕೆ ಜೋಡಿಸಬಾರದು ಎನ್ನಲು ಇದೇ ಕಾರಣ. ಮೂಲೆಯ ಹಸಿರು ತ್ರಿಕೋನವೂ ಸುಳಿವೇ. ಅದಿರುವ ಸೆಲ್‌ಗಳನ್ನು ಒಟ್ಟಿಗೆ ಆಯ್ದು ಪಕ್ಕದಲ್ಲಿ ಬರುವ ಹಳದಿ ಗುರುತನ್ನು ಒತ್ತಿ ‘ಕನ್ವರ್ಟ್ ಟು ನಂಬರ್’ ಎಂದರೆ ಕೆಲಸ ಮುಗಿಯಿತು. ತ್ರಿಕೋನ ಬಾರದಿದ್ದರೆ ಇನ್ನೊಂದು ದಾರಿ: ಖಾಲಿ ಸೆಲ್‌ನಲ್ಲಿ 1 ಬರೆದು ಕಾಪಿ ಮಾಡಿ, ತೂಕದ ಸೆಲ್‌ಗಳನ್ನು ಆಯ್ದು, ಕಂಟ್ರೋಲ್ ಆಲ್ಟ್ ವಿ ಒತ್ತಿ ಪೇಸ್ಟ್ ಸ್ಪೆಷಲ್ ತೆರೆದು, ‘ವ್ಯಾಲ್ಯೂಸ್’ ಮತ್ತು ‘ಮಲ್ಟಿಪ್ಲೈ’ ಎರಡನ್ನೂ ಗುರುತಿಸಿ ಓಕೆ ಒತ್ತಿ. ಒಂದರಿಂದ ಗುಣಿಸಿದ್ದೆಲ್ಲ ಸಂಖ್ಯೆಯಾಗುತ್ತದೆ.

ಇದಕ್ಕೂ ಬಗ್ಗದ ಸೆಲ್ ಇದ್ದರೆ ಒಳಗೆ ಬೇರೇನೋ ಇದೆ ಎಂದರ್ಥ. ವೆಬ್ ಪುಟದಿಂದ ಕಾಪಿ ಮಾಡಿದ ದರಗಳಲ್ಲಿ ಸಾಮಾನ್ಯ ಸ್ಪೇಸ್ ಹಾಗೇ ಕಾಣುವ, ಆದರೆ ಬೇರೆಯೇ ಆದ 160ನೇ ಸಂಕೇತದ ಸ್ಪೇಸ್ ಸೇರಿರಬಹುದು. ಹೆಚ್ಚಿನ ಸ್ಪೇಸ್ ತೆಗೆಯುವ ಟ್ರಿಮ್ ಫಾರ್ಮುಲಾ ಅದನ್ನು ಮುಟ್ಟುವುದಿಲ್ಲ. =ವ್ಯಾಲ್ಯೂ(ಸಬ್‌ಸ್ಟಿಟ್ಯೂಟ್(ಬಿ4,ಚಾರ್(160),"")) ಎಂದು ಪಕ್ಕದ ಕಾಲಂನಲ್ಲಿ ಹಾಕಿ, ಬಂದ ಸಂಖ್ಯೆಗಳನ್ನು ವ್ಯಾಲ್ಯೂಸ್ ಆಗಿ ಅಂಟಿಸಿಕೊಳ್ಳಿ. ಚನ್ನಗಿರಿಯ ಅಡಿಕೆ ದರದಂಥ ಉದ್ದದ ಅಂಕಿಗಳಲ್ಲಿ ಸೊನ್ನೆಯ ಬದಲು ಇಂಗ್ಲಿಷ್‌ನ ಓ ಅಕ್ಷರ ಬಿದ್ದಿರುವುದೂ ಉಂಟು. ಅದನ್ನು ಯಾವ ಫಾರ್ಮುಲಾವೂ ಸರಿಮಾಡದು, ಹುಡುಕಿ ತಿದ್ದಬೇಕು.

ಚಳ್ಳಕೆರೆಯ ಶೇಂಗಾ ಲೆಕ್ಕದಲ್ಲಿ 18.40 ಕ್ವಿಂ. ಎಂದು ಅಳತೆಯನ್ನೂ ಸೆಲ್‌ನೊಳಗೇ ಬರೆದರೆ ಆ ಸೆಲ್ ಅಕ್ಷರವೇ, ಸಮ್ ಅದನ್ನು ಎಣಿಸದು. ಅಳತೆ ಕಾಣಲೇಬೇಕೆಂದರೆ ಬರೀ 18.4 ಟೈಪ್ ಮಾಡಿ, ಕಂಟ್ರೋಲ್ 1 ಒತ್ತಿ, ನಂಬರ್ ಟ್ಯಾಬ್‌ನ ‘ಕಸ್ಟಮ್’ ಆಯ್ದು 0.00" ಕ್ವಿಂ." ಎಂದು ಬರೆಯಿರಿ. ಕಣ್ಣಿಗೆ 18.40 ಕ್ವಿಂ., ಲೆಕ್ಕಕ್ಕೆ 18.4.

ದಿನಾಂಕದಲ್ಲೂ ಇದೇ ರೋಗವಿದೆ. ವಿಂಡೋಸ್‌ನ ಸೆಟ್ಟಿಂಗ್ಸ್ ಒಳಗಿನ ಪ್ರದೇಶ (ರೀಜನ್) ಅಮೆರಿಕ ಎಂದಿದ್ದರೆ 13/11/2025 ಅಕ್ಷರವಾಗುತ್ತದೆ (ಹದಿಮೂರನೇ ತಿಂಗಳಿಲ್ಲ), 05/11/2025 ಮೇ 11 ಆಗುತ್ತದೆ. ಎರಡನೆಯದೇ ಹೆಚ್ಚು ಕೆಟ್ಟದ್ದು, ಅದು ಸರಿಯಾದ ದಿನಾಂಕದ ಹಾಗೇ ಕಾಣುತ್ತದೆ. ಪ್ರದೇಶವನ್ನು ಇಂಗ್ಲಿಷ್ ಇಂಡಿಯಾ ಎಂದು ಮೊದಲೇ ಬದಲಿಸಿಕೊಂಡು ನಮೂದು ಶುರು ಮಾಡಿ.

ಫಾರ್ಮುಲಾ ಸರಿ, ಉತ್ತರ ಹಳೆಯದು

ದರವನ್ನು 2,400ರಿಂದ ಬದಲಿಸಿದರೂ ಮೊತ್ತ ಕದಲದಿದ್ದರೆ ಅದು ಟೆಕ್ಸ್ಟ್ ಸಮಸ್ಯೆಯಲ್ಲ, ಲೆಕ್ಕ ಮ್ಯಾನುಯಲ್‌ನಲ್ಲಿದೆ, ಅಂದರೆ ನಾವು ಹೇಳಿದಾಗ ಮಾತ್ರ ಎಕ್ಸೆಲ್ ಲೆಕ್ಕ ಮಾಡುತ್ತದೆ. ಫಾರ್ಮುಲಾಸ್ ಟ್ಯಾಬ್‌ನ ‘ಕ್ಯಾಲ್ಕ್ಯುಲೇಷನ್ ಆಪ್ಷನ್ಸ್’ನಲ್ಲಿ ಆಟೋಮ್ಯಾಟಿಕ್ ಮಾಡಿ, ಆ ಕ್ಷಣಕ್ಕೆ ಎಫ್9 ಒತ್ತಿದರೂ ಲೆಕ್ಕವಾಗುತ್ತದೆ. ಎಕ್ಸೆಲ್‌ನಲ್ಲಿ ಮೊದಲು ತೆರೆದ ಫೈಲ್ ಯಾವ ಸ್ಥಿತಿಯಲ್ಲಿದೆಯೋ ಅದೇ ಸ್ಥಿತಿ ಆಮೇಲೆ ತೆರೆದ ಫೈಲ್‌ಗಳಿಗೂ ಬರುತ್ತದೆ. ಬೆಳಿಗ್ಗೆ ತೆರೆದ ಯಾರದೋ ಫೈಲ್‌ನಿಂದ ನಿಮ್ಮ ಫೈಲ್ ಸಂಜೆ ತನಕ ಹಳೆಯ ಉತ್ತರ ತೋರಿಸುವುದು ಹೀಗೆ.

ಲಿಬ್ರೆ ಆಫೀಸ್, ಗೂಗಲ್ ಶೀಟ್ಸ್

ಎಕ್ಸೆಲ್ ಬದಲು ಬಳಸುವ ಈ ತಂತ್ರಾಂಶಗಳಲ್ಲೂ ತತ್ವ ಒಂದೇ, ಗುಂಡಿಗಳ ಜಾಗ ಬೇರೆ. ಗೂಗಲ್ ಶೀಟ್ಸ್‌ನಲ್ಲಿ ಫಾರ್ಮ್ಯಾಟ್ ಮೆನುವಿನ ನಂಬರ್‌ನಲ್ಲಿ ‘ಪ್ಲೇನ್ ಟೆಕ್ಸ್ಟ್’ ಇದ್ದರೆ ‘ಆಟೋಮ್ಯಾಟಿಕ್’ ಮಾಡಿ, ಸೆಲ್ ಒಳಗೆ ಹೋಗಿ ಎಂಟರ್ ಒತ್ತಿ. ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ಸೆಲ್‌ಗಳನ್ನು ಆಯ್ದು ಕಂಟ್ರೋಲ್ ಎಂ ಒತ್ತಿ ಫಾರ್ಮ್ಯಾಟ್ ತೆಗೆಯಿರಿ. ನಂತರ ಹುಡುಕಿ ಬದಲಿಸುವ ಪೆಟ್ಟಿಗೆಯಲ್ಲಿ ‘ರೆಗ್ಯುಲರ್ ಎಕ್ಸ್‌ಪ್ರೆಷನ್ಸ್’ ಗುರುತಿಸಿ, ಹುಡುಕುವ ಜಾಗದಲ್ಲಿ .* ಬದಲಿಸುವ ಜಾಗದಲ್ಲಿ & ಹಾಕಿ ಎಲ್ಲವನ್ನೂ ಬದಲಿಸಿ. ಇದೂ ಮರುನಮೂದೇ. ಕ್ಯಾಲ್ಕ್‌ನಲ್ಲಿ ಒಂದು ಒಳ್ಳೆಯ ಅನುಕೂಲವಿದೆ: ಕಂಟ್ರೋಲ್ ಎಫ್8 ಒತ್ತಿದರೆ ಸಂಖ್ಯೆಗಳು ನೀಲಿ, ಫಾರ್ಮುಲಾಗಳು ಹಸಿರು, ಅಕ್ಷರಗಳು ಕಪ್ಪು ಬಣ್ಣದಲ್ಲಿ ಕಾಣುತ್ತವೆ. ಹಸಿರು ಕಾಲಂನ ನಡುವೆ ಕಪ್ಪು ಸೆಲ್ ತಕ್ಷಣ ಕಣ್ಣಿಗೆ ಬೀಳುತ್ತದೆ.

ಎಕ್ಸೆಲ್‌ನಲ್ಲಿ ಈ ಬಣ್ಣವನ್ನು ನಾವೇ ಮಾಡಿಕೊಳ್ಳಬಹುದು. ಬಿ2ರಿಂದ ಡಿ200ರವರೆಗೆ ಆಯ್ದು, ‘ಕಂಡಿಷನಲ್ ಫಾರ್ಮ್ಯಾಟಿಂಗ್’ನಲ್ಲಿ ಹೊಸ ನಿಯಮ ತೆರೆದು, =ಐಎಸ್‌ಟೆಕ್ಸ್ಟ್(ಬಿ2) ಎಂದು ಬರೆದು ಕೆಂಪು ಬಣ್ಣ ಕೊಡಿ. ಅಕ್ಷರವಾದ ಸಂಖ್ಯೆಯಾಗಲಿ ಫಾರ್ಮುಲಾ ಆಗಲಿ ಕೆಂಪಾಗುತ್ತದೆ.

ಹಾಳೆಯಲ್ಲಿ ಇರಲೇಬೇಕಾದ ಎರಡು ಸೆಲ್

ಒಟ್ಟು ಸಾಲಿನ ಕೆಳಗೆ ಪ್ರತಿ ಲೆಕ್ಕದ ಕಾಲಂಗೂ =ಕೌಂಟ್‌ಎ(ಬಿ2:ಬಿ5)-ಕೌಂಟ್(ಬಿ2:ಬಿ5) ಎಂಬ ಫಾರ್ಮುಲಾ ಇರಲಿ. ಕೌಂಟ್‌ಎ ಖಾಲಿಯಲ್ಲದ ಎಲ್ಲ ಸೆಲ್ಲನ್ನೂ ಎಣಿಸುತ್ತದೆ, ಕೌಂಟ್ ಸಂಖ್ಯೆಗಳನ್ನು ಮಾತ್ರ. ವ್ಯತ್ಯಾಸ 0 ಇರಬೇಕು. 1 ಬಂದರೆ ಆ ಕಾಲಂನಲ್ಲಿ ಸಂಖ್ಯೆಯಲ್ಲದ ಸೆಲ್ ಒಂದಿದೆ.

ಇನ್ನೊಂದು, =ಸಮ್‌ಪ್ರಾಡಕ್ಟ್(ಬಿ2:ಬಿ5,ಸಿ2:ಸಿ5)-ಸಮ್(ಡಿ2:ಡಿ5). ತೂಕ ಮತ್ತು ದರವನ್ನು ಇದು ಸ್ವತಂತ್ರವಾಗಿ ಗುಣಿಸಿ ಕೂಡಿ, ಡಿ ಕಾಲಂನ ಮೊತ್ತವನ್ನು ಕಳೆಯುತ್ತದೆ. ಇದೂ 0 ಇರಬೇಕು. ಪ್ರತಿ ಸಾಲನ್ನೂ ರೂಪಾಯಿಗೆ ಸರಿದೂಗಿಸಿದ್ದರೆ ಕೆಲವು ರೂಪಾಯಿ ಅತ್ತಿತ್ತ ಬರಬಹುದು, ಅದು ತಪ್ಪಲ್ಲ. ನಮ್ಮ ಉದಾಹರಣೆಯಲ್ಲಿ ಡಿ4ರ ಫಾರ್ಮುಲಾ ಅಕ್ಷರವಾಗಿದ್ದರೆ ಇಲ್ಲಿ 84,480 ಬರುತ್ತದೆ. ಬಿ4ರ ತೂಕ ಅಕ್ಷರವಾಗಿದ್ದರೆ -84,480 ಬರುತ್ತದೆ, ಏಕೆಂದರೆ ಹೀಗೆ ಕಾಮಾ ಹಾಕಿ ಬರೆದ ಸಮ್‌ಪ್ರಾಡಕ್ಟ್ ಅಕ್ಷರವನ್ನು ಸೊನ್ನೆ ಎಂದೇ ಹಿಡಿಯುತ್ತದೆ. ಉತ್ತರ ಧನವಾದರೆ ಮೊತ್ತದ ಕಾಲಂ ಹುಡುಕಿ, ಋಣವಾದರೆ ತೂಕ ಅಥವಾ ದರದ ಕಾಲಂ ಹುಡುಕಿ. ಒಂದೇ ಸಾಲಿನ ತೂಕವೂ ಮೊತ್ತವೂ ಒಟ್ಟಿಗೇ ಅಕ್ಷರವಾಗಿದ್ದರೆ ಇದು 0 ತೋರಿಸಿ ಸುಮ್ಮನಾಗುತ್ತದೆ. ಅಂಥದ್ದನ್ನು ಕೌಂಟ್‌ಎ ಲೆಕ್ಕ ಹಿಡಿಯುತ್ತದೆ. ಎರಡೂ ಸೆಲ್ ಸೊನ್ನೆ ಇದ್ದಾಗ ಮಾತ್ರ ಪಟ್ಟಿ ಮುದ್ರಿಸಿ ರೈತರ ಕೈಗೆ ಕೊಡಿ.